ಮಾತ್ರೆಯೊಳಗೆ ಅಡಗಿದ ಅನುಪಾನ

ಹೋದ ಆಷಾಢದ ಜಡಿಮಳೆಯಲ್ಲಿ ಆಲೂರು ಕಡೆಯ ನಮ್ಮ ದೊಡ್ಡಮ್ಮನಿಗೆ ಕೆಮ್ಮು ಹಿಡಿಯಿತು. ಎಪ್ಪತ್ತು ದಾಟಿದ ಜೀವ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಪೇಟೆಗೆ ಹೋದ ಮೊಮ್ಮಗ ಮೆಡಿಕಲ್ ಶಾಪಿನಲ್ಲಿ ‘ಅಜ್ಜಿಗೆ ಶುಗರ್ ಇದೆ’ ಎಂದು ಹೇಳಿಯೇ ಸಿರಪ್ ಕೇಳಿದ್ದ. ಅಂಗಡಿಯವರೂ ಎಚ್ಚರದಿಂದಲೇ ‘ಶುಗರ್ ಫ್ರೀ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಬಾಟಲಿ ಕೊಟ್ಟರು. ದಿನಕ್ಕೆ ಮೂರು ಸಲ, ಎರಡೆರಡು ಚಮಚ. ಮರುದಿನ ಸಂಜೆಗೆ ಹೊಟ್ಟೆ ಗುಡುಗುಡು, ರಾತ್ರಿಯಿಂದ ಭೇದಿ. ‘ಏನು ತಿಂದರೂ ಹೊಟ್ಟೇಲಿ ನಿಲ್ತಿಲ್ಲ ಕಣೇ, ಆ ಹಲಸಿನ ಹಣ್ಣು ಮುಟ್ಟಬಾರದಿತ್ತು’ ಎಂದು ಫೋನಿನಲ್ಲಿ ನೊಂದುಕೊಂಡರು. ಮೊದಲು ಹಲಸಿನ ಹಣ್ಣು ಬಿಟ್ಟರು, ಆಮೇಲೆ ಹಾಲು ಬಿಟ್ಟರು. ಮೂರನೆಯ ದಿನ ‘ಈ ಮಾತ್ರೆ ಬಲು ಹೀಟು’ ಎಂದುಕೊಂಡು ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಟ್ಟರು. ಸಿರಪ್ ಒಂದನ್ನು ಮಾತ್ರ ಬಿಡಲಿಲ್ಲ. ಕೆಮ್ಮು ಇನ್ನೂ ಇತ್ತಲ್ಲ. ಆರನೆಯ ದಿನ ಹಾಸನಕ್ಕೆ ಕರೆತರುವಾಗ ಬಾಯಿ ಒಣಗಿ, ಕಣ್ಣು ಗುಳಿಬಿದ್ದು, ಸಕ್ಕರೆ 300ರ ಮೇಲೆ ಹೋಗಿತ್ತು.

ನಾನು ಫಾರ್ಮಸಿ ಓದಿದವಳು, ಎರಡು ವರ್ಷ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವಳು. ಆದ್ದರಿಂದ ಆ ಬಾಟಲಿಯನ್ನು ತಿರುಗಿಸಿ ನೋಡಿದೆ. ಮೇಲೆ ಔಷಧಿಗಳ ಹೆಸರು, ಎದುರಿಗೆ ಮಿಲಿಗ್ರಾಂ ಲೆಕ್ಕ. ಕೊನೆಯ ಸಾಲಿನಲ್ಲಿ, ಸುವಾಸನೆ ಸೇರಿಸಿದ ಸಕ್ಕರೆರಹಿತ ದ್ರಾವಣ, ‘ಕ್ಯೂ.ಎಸ್.’ ಎಂದಿತ್ತು. ಲ್ಯಾಟಿನ್ ಮಾತಿನ ಈ ಎರಡಕ್ಷರಕ್ಕೆ ‘ಬೇಕಾದಷ್ಟು’ ಎಂದು ಅರ್ಥ. ಅಡುಗೆ ಪುಸ್ತಕದಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಬರೆಯುತ್ತಾರಲ್ಲ, ಹಾಗೆ. ಅಡುಗೆಯವರು ಉಪ್ಪಿನ ಹೆಸರನ್ನಾದರೂ ಹೇಳುತ್ತಾರೆ. ಇಲ್ಲಿ ಆ ದ್ರಾವಣದಲ್ಲಿ ಏನಿದೆ ಎಂಬುದೇ ಇರಲಿಲ್ಲ.

ನಮ್ಮ ಹಿರಿಯರ ವೈದ್ಯದಲ್ಲಿ ಇದಕ್ಕೊಂದು ಚಂದದ ಮಾತಿದೆ: ಅನುಪಾನ. ಚೂರ್ಣವನ್ನು ಜೇನಿನಲ್ಲಿ ಕಲಸಬೇಕೋ, ಮಜ್ಜಿಗೆಯಲ್ಲೋ, ತುಪ್ಪದಲ್ಲೋ, ಬಿಸಿನೀರಿನಲ್ಲೋ ಎಂದು ಪಂಡಿತರು ಹೇಳಿಯೇ ಕಳಿಸುತ್ತಿದ್ದರು. ಮಜ್ಜಿಗೆ ಒಗ್ಗದವರು ‘ನನಗೆ ಮಜ್ಜಿಗೆ ಆಗಲ್ಲ ಪಂಡಿತರೇ’ ಎಂದರೆ ಬೇರೆ ಅನುಪಾನ ಸಿಗುತ್ತಿತ್ತು. ಕಾರ್ಖಾನೆಯ ಮಾತ್ರೆಯಲ್ಲಿ ಅನುಪಾನ ಮಾತ್ರೆಯ ಮೈಯೊಳಗೇ ಸೇರಿಬಿಟ್ಟಿದೆ. ಆ ಔಷಧ ಆ ಔಷಧದ ಮಟ್ಟಿಗೆ ಒಳ್ಳೆಯದೇ ಇರಬಹುದು. ಆದರೆ ಜೊತೆಗೆ ಏನು ನುಂಗುತ್ತಿದ್ದೇವೆ ಎಂದು ನುಂಗುವವರಿಗೆ ಹೇಳದಿದ್ದರೆ, ‘ನನಗೆ ಅದು ಆಗಲ್ಲ’ ಎನ್ನುವುದಕ್ಕೆ ಅವಕಾಶವೇ ಇಲ್ಲ. ದೊಡ್ಡಮ್ಮನಿಗೆ ಆದದ್ದು ಇದೇ. ಸುಳಿವು ಸಿಗದ ಕಡೆ ಜನ ಕೈಗೆ ಸಿಕ್ಕಿದ್ದನ್ನು ಬಿಡುತ್ತಾರೆ. ಎಷ್ಟೋ ಸಲ ಬಿಡಬಾರದ್ದನ್ನೇ ಬಿಡುತ್ತಾರೆ.

ಔಷಧವಲ್ಲದ ಈ ಪದಾರ್ಥಗಳಿಗೆ ‘ಎಕ್ಸಿಪಿಯೆಂಟ್’ ಎನ್ನುತ್ತಾರೆ. ಕನ್ನಡದಲ್ಲಿ ಸಹಘಟಕ ಎನ್ನೋಣ. ಅವು ಕಲಬೆರಕೆಯಲ್ಲ, ಅವಿಲ್ಲದೆ ಮಾತ್ರೆಯೇ ಇಲ್ಲ. ಥೈರಾಯ್ಡ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಔಷಧ 25 ಮೈಕ್ರೋಗ್ರಾಂ ಎಂದರೆ, ಒಂದು ಸಾಸಿವೆ ಕಾಳನ್ನು ನೂರು ಚೂರು ಮಾಡಿದಾಗ ಸಿಗುವ ಒಂದು ಚೂರಿನ ಆಸುಪಾಸು. ಅದನ್ನು ಬೆರಳಲ್ಲಿ ಹಿಡಿಯುವುದಿರಲಿ, ಕಣ್ಣಲ್ಲಿ ಕಾಣುವುದೂ ಕಷ್ಟ. ಅದಕ್ಕೆ ಮೈ ಕೊಡಲು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಗಂಜಿಹಿಟ್ಟು ಅಥವಾ ಮರದ ನಾರಿನಿಂದ ಮಾಡಿದ ಸೆಲ್ಯುಲೋಸ್ ಬೇಕು. ಪುಡಿ ಉದುರದಂತೆ ಹಿಡಿದಿಡಲು ಅಂಟು ಬೇಕು. ನುಂಗಿದ ಮೇಲೆ ಹೊಟ್ಟೆಯಲ್ಲಿ ಅದು ಬಿಚ್ಚಿಕೊಳ್ಳಬೇಕು. ಅದಕ್ಕೆ ನೀರು ಕುಡಿದು ಉಬ್ಬುವ ಆಲೂಗಡ್ಡೆ ಪಿಷ್ಟದಂಥದ್ದು ಬೇಕು. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ, ಮಾತ್ರೆ ಅಚ್ಚಿಗೆ ಅಂಟದಿರಲು ಮೆಗ್ನೀಷಿಯಂ ಸ್ಟಿಯರೇಟ್ ಸೇರಿಸುತ್ತಾರೆ. ಮೇಲೆ ಲೇಪ, ಬಣ್ಣ, ಹೊಳಪು. ಸಿರಪ್ಪಾದರೆ ಸಿಹಿ, ಸುವಾಸನೆ, ಕೆಡದಂತಿಡುವ ರಾಸಾಯನಿಕ.

ಅಮೆರಿಕದ ಬಾಸ್ಟನ್‌ನಲ್ಲಿ ಜಿಯೋವಾನಿ ಟ್ರಾವೆರ್ಸೋ ಎಂಬ ಹೊಟ್ಟೆ ತಜ್ಞರಿದ್ದಾರೆ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ತಮ್ಮ ರೋಗಿಯೊಬ್ಬರಿಗೆ ಅವರು ಒಮೆಪ್ರಜೋಲ್ ಕೊಟ್ಟಿದ್ದರು. ನಮ್ಮಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ’ ಎಂದು ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಆ ಜಾತಿಯದೇ. ವಾರದೊಳಗೆ ರೋಗಿಗೆ ಆರೋಗ್ಯ ಕೆಟ್ಟಿತು. ಹುಡುಕಿದಾಗ ಮಾತ್ರೆಯ ಸಹಘಟಕಗಳಲ್ಲಿ ಗೋಧಿ ಮೂಲದ್ದು ಇತ್ತು ಎಂದು ಗೊತ್ತಾಯಿತು. ಆ ಒಂದು ಘಟನೆಯ ಎಳೆ ಹಿಡಿದು ಅವರ ತಂಡ ಅಮೆರಿಕದಲ್ಲಿ ಮಾರಾಟವಾಗುವ 42,000ಕ್ಕೂ ಹೆಚ್ಚು ಬಗೆಯ ಮಾತ್ರೆ, ಕ್ಯಾಪ್ಸೂಲುಗಳ ಪಟ್ಟಿ ಜಾಲಾಡಿ 2019ರಲ್ಲಿ ಪ್ರಕಟಿಸಿತು. ಮಾತ್ರೆಯ ತೂಕದಲ್ಲಿ ಸರಾಸರಿ ಮುಕ್ಕಾಲು ಪಾಲಿನ ಹತ್ತಿರ ಔಷಧವೇ ಅಲ್ಲ. ಸುಮಾರು 45% ಮಾತ್ರೆಗಳಲ್ಲಿ ಲ್ಯಾಕ್ಟೋಸ್, ಮೂರನೇ ಒಂದರಷ್ಟರಲ್ಲಿ ಕೃತಕ ಬಣ್ಣ, 55% ಮಾತ್ರೆಗಳಲ್ಲಿ ‘ಫಾಡ್‌ಮ್ಯಾಪ್’ ಗುಂಪಿನ ಒಂದಲ್ಲ ಒಂದು ಸಕ್ಕರೆ ಇತ್ತು. ಸಣ್ಣಕರುಳು ಪೂರ್ತಿ ಹೀರಿಕೊಳ್ಳದೆ ದೊಡ್ಡಕರುಳಿಗೆ ದಾಟಿಬಿಡುವ, ಅಲ್ಲಿ ಹುಳಿತು ಗಾಳಿಯಾಗುವ ಸಕ್ಕರೆಗಳ ಗುಂಪಿಗೆ ಆ ಹೆಸರು.

ಲೆಕ್ಕ ಅಮೆರಿಕದ್ದಾದರೂ ಮಾತ್ರೆ ಮಾಡುವ ವಿದ್ಯೆ ಎಲ್ಲ ಕಡೆಯೂ ಒಂದೇ. ಆದರೆ ಈ ಅಂಕಿಗಳನ್ನು ನೋಡಿ ‘ಮಾತ್ರೆಯೆಲ್ಲ ವಿಷ’ ಎಂದು ವಾಟ್ಸಾಪಿನಲ್ಲಿ ಹಂಚುವವರಿದ್ದಾರೆ. ಅದು ತಪ್ಪು, ಅಪಾಯವೂ ಹೌದು. ಮಾತ್ರೆಯಲ್ಲಿ ಏನಿದೆ ಎಂಬಷ್ಟೇ ಮುಖ್ಯ, ಎಷ್ಟಿದೆ ಎಂಬುದು.

ಲ್ಯಾಕ್ಟೋಸನ್ನೇ ನೋಡಿ. ನಮ್ಮ ದೇಶದಲ್ಲಿ ಹಾಲಿನ ಸಕ್ಕರೆ ಅರಗದಿರುವುದು ಉತ್ತರದವರಿಗಿಂತ ದಕ್ಷಿಣದವರಲ್ಲಿ ಬಹಳ ಹೆಚ್ಚು. 1981ರ ಒಂದು ಅಧ್ಯಯನದಲ್ಲಿ ದೆಹಲಿಯವರಲ್ಲಿ ಅದು ಸುಮಾರು 27% ಇದ್ದರೆ ದಕ್ಷಿಣದ ಎರಡು ಕೇಂದ್ರಗಳಲ್ಲಿ ಪರೀಕ್ಷಿಸಿದವರಲ್ಲಿ ಸುಮಾರು 67% ಇತ್ತು. ಹಾಸನ ಹಾಲು ಒಕ್ಕೂಟಕ್ಕೆ ಹಾಲು ಹಾಕುವ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕ್ಯಾನುಗಟ್ಟಲೆ ಕರೆದು ಕೊಡುವ ಮನೆಯ ಹಿರಿಯರೇ ‘ನನಗೆ ಬರೀ ಹಾಲು ಆಗಿಬರಲ್ಲ, ಮಜ್ಜಿಗೆ ಆದರೆ ಸರಿ’ ಎನ್ನುವುದನ್ನು ಎಷ್ಟು ಸಲ ಕೇಳಿಲ್ಲ? ಹೆಪ್ಪು ಹಾಕಿದಾಗ ಲ್ಯಾಕ್ಟೋಸಿನ ಒಂದು ಪಾಲನ್ನು ಸೂಕ್ಷ್ಮಜೀವಿಗಳೇ ತಿಂದಿರುತ್ತವೆ, ಅದಕ್ಕೆ ಮಜ್ಜಿಗೆ ಹಗುರ. ಹಾಗಾದರೆ ಮಾತ್ರೆಯ ಲ್ಯಾಕ್ಟೋಸ್? ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಹಾಲು ಆಗದವರಲ್ಲೂ ಬಹಳ ಜನ ಅಷ್ಟನ್ನು ಒಂದೇ ಸಲಕ್ಕೆ ದೊಡ್ಡ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ ಅರ್ಧ ಗ್ರಾಮಿಗಿಂತ ಕಡಿಮೆ. ಬಿಪಿ, ಶುಗರ್, ಥೈರಾಯ್ಡ್ ಎಂದು ದಿನಕ್ಕೆ ಹತ್ತು ಮಾತ್ರೆ ನುಂಗಿದರೂ ಎರಡು ಮೂರು ಗ್ರಾಂ ಆದೀತು. ಆದ್ದರಿಂದ ಒಂದೆರಡು ಮಾತ್ರೆಯ ಲ್ಯಾಕ್ಟೋಸಿನಿಂದ ಹೊಟ್ಟೆ ಕೆಟ್ಟಿತು ಎನ್ನುವುದು ಹೆಚ್ಚಿನವರ ವಿಷಯದಲ್ಲಿ ನಿಜವಲ್ಲ.

ಆ ‘ಹೆಚ್ಚಿನವರ’ ಹೊರಗೆ ಉಳಿಯುವವರು ಯಾರು ಎಂಬುದೇ ಪ್ರಶ್ನೆ. ಗ್ಯಾಲಕ್ಟೋಸೀಮಿಯಾ ಎಂಬ ಹುಟ್ಟು ಕಾಯಿಲೆಯ ಮಕ್ಕಳು ಲ್ಯಾಕ್ಟೋಸಿನಿಂದ ದೂರವಿರಲೇಬೇಕು. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರಿಗೆ, ಒಣಪುಡಿಯ ಇನ್‌ಹೇಲರಿನ ಲ್ಯಾಕ್ಟೋಸಿನಲ್ಲಿ ಉಳಿದಿರಬಹುದಾದ ಹಾಲಿನ ಪ್ರೋಟೀನಿನ ಅಂಶವೂ ತೊಂದರೆ ಕೊಟ್ಟದ್ದಿದೆ. ಸೀಲಿಯಾಕ್ ಕಾಯಿಲೆ ರಾಗಿ ಅಕ್ಕಿ ಉಣ್ಣುವ ನಮ್ಮ ಕಡೆ ಅಪರೂಪ. ದೇಶದ ಅಧ್ಯಯನವೊಂದರಲ್ಲಿ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿದ್ದರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಹತ್ತಿರ. ಮಾತ್ರೆಗೆ ಬಳಸುವ ಪಿಷ್ಟವೂ ಹೆಚ್ಚಾಗಿ ಮುಸುಕಿನ ಜೋಳದ್ದು, ಆಲೂಗಡ್ಡೆಯದು, ಗೋಧಿಯದು ಕಡಿಮೆ. ಆದರೆ ಆ ಸಾವಿರಕ್ಕೊಬ್ಬ ಹುಡುಗಿ ಕಡೂರಿನಲ್ಲೋ ಅರಸೀಕೆರೆಯಲ್ಲೋ ಇದ್ದಾಳೆ. ಅವಳ ತಾಯಿ ಬಿಸ್ಕತ್ತಿನ ಪೊಟ್ಟಣವನ್ನು ಓದಿ ಓದಿ ಮಗಳನ್ನು ಕಾಪಾಡಿಕೊಂಡು ಬಂದಿದ್ದಾಳೆ. ಮಾತ್ರೆಯ ಸ್ಟ್ರಿಪ್ ಹಿಡಿದಾಗ ಅವಳಿಗೆ ಓದಲು ಏನೂ ಇಲ್ಲ.

ನಿಜವಾಗಿ ಹೊಟ್ಟೆ ಕೆಡಿಸುವ ಶಕ್ತಿ ಇರುವುದು ಸಿರಪ್ಪಿನಲ್ಲಿ. ಅಲ್ಲಿ ಸಹಘಟಕದ ಲೆಕ್ಕ ಮಿಲಿಗ್ರಾಮಿನಲ್ಲಲ್ಲ, ಗ್ರಾಮಿನಲ್ಲಿ. ಸಕ್ಕರೆ ಇಲ್ಲದೆ ಸಿಹಿಯೂ ಬೇಕು, ಜೇನಿನಂಥ ಮಂದವೂ ಬೇಕು ಎಂದಾಗ ಕಂಪನಿಗಳು ಹೆಚ್ಚಾಗಿ ಹಿಡಿಯುವುದು ಸಾರ್ಬಿಟಾಲ್. ಗ್ಲೂಕೋಸಿನಿಂದಲೇ ತಯಾರಾಗುವ ಇದು ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುವುದಿಲ್ಲ, ಏಕೆಂದರೆ ಕರುಳು ಅದನ್ನು ನಿಧಾನವಾಗಿ, ಅರೆಬರೆಯಾಗಿ ಹೀರುತ್ತದೆ. ತೊಂದರೆಯ ಮೂಲವೂ ಅದೇ. ಹೀರಿಕೊಳ್ಳದೆ ಉಳಿದದ್ದು ಕರುಳಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ. ಉಪ್ಪು ಸವರಿಟ್ಟ ಮಾವಿನಕಾಯಿ ಹೋಳು ಹೊತ್ತು ಕಳೆದಂತೆ ನೀರು ಬಿಡುತ್ತದಲ್ಲ, ಆ ಎಳೆತವೇ ಇದು. ಮುಂದೆ ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಗಾಳಿ ಹುಟ್ಟಿಸುತ್ತವೆ. ಉಬ್ಬರ, ಗುಡುಗು, ನೀರು ಭೇದಿ. ದೊಡ್ಡವರಲ್ಲಿ ದಿನಕ್ಕೆ 10 ಗ್ರಾಂ ಹೊತ್ತಿಗೆ ಹಲವರಿಗೆ ಉಬ್ಬರ ಶುರುವಾಗುತ್ತದೆ, 20 ಗ್ರಾಂ ದಾಟಿದರೆ ಭೇದಿಯೇ ಆಗುತ್ತದೆ. ಸೂಕ್ಷ್ಮ ಕರುಳಿನವರಿಗೆ 5 ಗ್ರಾಂ ಸಾಕು.

ದೊಡ್ಡಮ್ಮನ ಬಾಟಲಿಯಲ್ಲಿ ಏನಿತ್ತೆಂದು ಲೇಬಲ್ ಹೇಳದ ಕಾರಣ ನಾನು ಖಚಿತವಾಗಿ ಹೇಳಲಾರೆ. ಆದರೆ ಲೆಕ್ಕ ಹಾಕಿ ನೋಡಬಹುದು. ಸಿರಪ್ಪಿಗೆ ಬಳಸುವ ಸಾರ್ಬಿಟಾಲ್ ದ್ರಾವಣ 70% ಸಾಂದ್ರತೆಯದು, ಮಿಲಿಲೀಟರಿಗೆ ಸುಮಾರು 0.9 ಗ್ರಾಂ. ಬಾಟಲಿಯ ಅರ್ಧ ಪಾಲು ಅದೇ ಇದ್ದರೆ, ದಿನಕ್ಕೆ 30 ಮಿಲಿಲೀಟರ್ ಕುಡಿದವರ ಹೊಟ್ಟೆಗೆ 13 ಗ್ರಾಮಿನಷ್ಟು ಸಾರ್ಬಿಟಾಲ್ ಹೋಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ನುಂಗಿ ಮೊದಲೇ ಸಡಿಲವಾಗಿದ್ದ ಎಪ್ಪತ್ತರ ಹೊಟ್ಟೆಗೆ ಇದು ಸಣ್ಣದಲ್ಲ. ಸಿರಪ್ ನಿಲ್ಲಿಸಿದ ಒಂದೂವರೆ ದಿನಕ್ಕೆ ಭೇದಿ ನಿಂತಿತು. ಹಲಸಿನ ಹಣ್ಣಿನ ಕಾಲ ಅಷ್ಟರಲ್ಲಿ ಮುಗಿದಿತ್ತು, ಅದೊಂದು ಬೇಜಾರು ಅವರಿಗೆ.

ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಬಿಗಿ. ಯೂರೋಪಿನಲ್ಲಿ ದಿನಕ್ಕೆ, ದೇಹದ ತೂಕದ ಕಿಲೋಗೆ 140 ಮಿಲಿಗ್ರಾಂ ಸಾರ್ಬಿಟಾಲ್ ಮುಟ್ಟುವ ಔಷಧವಾದರೆ ‘ಹೊಟ್ಟೆಗೆ ತೊಂದರೆಯಾಗಬಹುದು, ಸ್ವಲ್ಪ ಭೇದಿಯಾಗಬಹುದು’ ಎಂದು ಜೊತೆಗಿನ ಚೀಟಿಯಲ್ಲಿ ಬರೆಯಬೇಕು. 60 ಕಿಲೋ ತೂಗುವವರಿಗೆ ಅದು 8.4 ಗ್ರಾಂ. 10 ಕಿಲೋ ಕೂಸಿಗೆ 1.4 ಗ್ರಾಂ ಅಷ್ಟೆ, ಅಂದರೆ ಅಂಥ ದ್ರಾವಣದ ಒಂದೂವರೆ ಮಿಲಿಲೀಟರಿನಲ್ಲಿ ಮುಗಿಯಿತು. ಜ್ವರ ಬಂದ ಮಗುವಿಗೆ ನಮ್ಮಲ್ಲಿ ಒಂದೇ ಬಾಟಲಿ ಕೊಡುವುದು ಕಡಿಮೆ. ಜ್ವರಕ್ಕೊಂದು, ನೆಗಡಿಗೊಂದು, ಆ್ಯಂಟಿಬಯಾಟಿಕ್ ಒಂದು. ಪ್ರತಿಯೊಂದರಲ್ಲೂ ಸಿಹಿ. ಆಮೇಲೆ ಭೇದಿ ಶುರುವಾದರೆ ‘ಹಲ್ಲು ಬರ್ತಿದೆ’ ಅನ್ನುತ್ತೇವೆ, ‘ದೃಷ್ಟಿಯಾಗಿದೆ’ ಅನ್ನುತ್ತೇವೆ. ಭೇದಿಗೆಂದು ಅಂಗಡಿಯಿಂದ ಹಣ್ಣಿನ ಚಿತ್ರವಿರುವ ಸಿಹಿ ಪ್ಯಾಕೆಟ್ ತಂದು ಕುಡಿಸುತ್ತೇವೆ. ಓಆರ್‌ಎಸ್ ಎಂಬ ಹೆಸರು ಹೊತ್ತ ಅಂಥ ಪಾನೀಯಗಳಲ್ಲಿ ಸಕ್ಕರೆ ವಿಪರೀತವಿದ್ದು ಭೇದಿಯನ್ನು ಹೆಚ್ಚಿಸುತ್ತದೆ ಎಂದು ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸದಂತೆ ತಡೆಯಿತು. ಆ ತಾಯಿಯ ಹಟಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ. ಅದೇ ತಿಂಗಳು ಕೇಂದ್ರ ಸರ್ಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬೇಡಿ, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸಲಹೆ ನೀಡಿತು.

ಆ ಸಲಹೆಯ ಹಿಂದೆ ಸಾವುಗಳಿದ್ದವು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಸಿರಪ್ಪಿನಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಅದು ಹೊಟ್ಟೆ ಕೆಡುವ ಮಾತಲ್ಲ, ಸಾರ್ಬಿಟಾಲಿಗೂ ಅದಕ್ಕೂ ಹೋಲಿಕೆಯೂ ಇಲ್ಲ. ಆದರೂ ಇಲ್ಲಿ ಹೇಳಬೇಕಾಗಿದೆ, ಏಕೆಂದರೆ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದೂ, 1986ರಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ 14 ಜನರನ್ನು ಕೊಂದದ್ದೂ ಇದೇ ರಾಸಾಯನಿಕ. ಅಮೆರಿಕದಲ್ಲೂ ಛಿಂದ್ವಾಡಾದಲ್ಲೂ ಕೆಡುಕು ಬಂದದ್ದು ಔಷಧದ ಕಡೆಯಿಂದಲ್ಲ, ಔಷಧವನ್ನು ಕರಗಿಸಿದ ದ್ರಾವಣದ ಕಡೆಯಿಂದ. ಯಾರೂ ಲೆಕ್ಕಕ್ಕೆ ಇಡದ ಆ ‘ಬೇಕಾದಷ್ಟು’ ಸಾಲಿನಿಂದ.

ಈಗ ಬಿಸ್ಕತ್ತಿನ ಪೊಟ್ಟಣವನ್ನೂ ಮಾತ್ರೆಯ ಸ್ಟ್ರಿಪ್ಪನ್ನೂ ಪಕ್ಕಪಕ್ಕ ಇಡಿ. ಬಿಸ್ಕತ್ತಿನ ಮೇಲೆ ಒಂದೊಂದು ಪದಾರ್ಥದ ಹೆಸರೂ ಇರಬೇಕೆಂದು ಆಹಾರ ಕಾನೂನು ಹೇಳುತ್ತದೆ. ಗೋಧಿ, ಹಾಲು, ಸೋಯಾ, ಕಡಲೆಕಾಯಿ ಇದ್ದರೆ ಅಲರ್ಜಿಯವರಿಗೆಂದು ಬೇರೆಯಾಗಿ ಎತ್ತಿ ಬರೆಯಬೇಕು. ಸಾರ್ಬಿಟಾಲ್ ಜಾತಿಯ ಸಿಹಿ ಹೆಚ್ಚಿದ್ದರೆ ಭೇದಿಯಾಗಬಹುದೆಂಬ ಎಚ್ಚರಿಕೆ ಬೇಕು. ಸಸ್ಯಾಹಾರವೋ ಅಲ್ಲವೋ ಎಂಬ ಚುಕ್ಕೆ ಬೇಕು. ಸ್ಟ್ರಿಪ್ಪಿನ ಮೇಲೆ ಔಷಧದ ಹೆಸರು, ಪ್ರಮಾಣ, ಬಣ್ಣದ ಹೆಸರು. ಉಳಿದದ್ದಕ್ಕೆ ‘ಎಕ್ಸಿಪಿಯೆಂಟ್ಸ್ ಕ್ಯೂ.ಎಸ್.’ 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧಿಸಿದಾಗ ಜನ ಮೆಚ್ಚಿದರು, ನಾನೂ ಮೆಚ್ಚಿದೆ. ಬಸ್ ನಿಲ್ದಾಣದ ಗೋಬಿ ಗಾಡಿಗೆ ತೋರಿಸಿದ ಕಾಳಜಿ ಮಕ್ಕಳ ಸಿರಪ್ಪಿನ ಕಿತ್ತಳೆ ಬಣ್ಣದ ತನಕವೂ ಬರಬೇಕಲ್ಲವೇ? ಗೋಬಿ ತಿನ್ನುವುದು ಆಸೆಗೆ, ಬೇಡವೆಂದರೆ ಬಿಡಬಹುದು. ಮಾತ್ರೆ ಹಾಗಲ್ಲ.

ಜಾಗ ಸಾಲದು ಎಂದು ಕಂಪನಿಗಳು ಹೇಳುವುದುಂಟು. ಅದಕ್ಕೆ ಉತ್ತರ ಸ್ಟ್ರಿಪ್ಪಿನ ಮೇಲೆಯೇ ಇದೆ. 2023ರ ಆಗಸ್ಟ್ 1ರಿಂದ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ನಕಲಿ ಮಾತ್ರೆ ತಡೆಯುವುದು ಅದರ ಉದ್ದೇಶ. ಮೊಬೈಲ್ ಹಿಡಿದರೆ ಔಷಧದ ಹೆಸರು, ಬ್ರ್ಯಾಂಡ್, ಕಂಪನಿಯ ವಿಳಾಸ, ಬ್ಯಾಚ್, ತಯಾರಾದ ದಿನ, ಅವಧಿ ಮುಗಿಯುವ ದಿನ, ಲೈಸೆನ್ಸ್ ಸಂಖ್ಯೆ, ಗುರುತಿನ ಸಂಖ್ಯೆ, ಹೀಗೆ ಎಂಟು ವಿವರ ಬರಬೇಕು. ನಿಯಮ ಬಂದಾಗ ಆ ಎಂಟರಲ್ಲಿ ಸಹಘಟಕಗಳ ಪಟ್ಟಿ ಇರಲಿಲ್ಲ. ಒಂಬತ್ತನೆಯದಾಗಿ ಅದನ್ನು ಸೇರಿಸಲು ಹೊಸ ಯಂತ್ರ ಬೇಡ, ಹೊಸ ಕಾಗದ ಬೇಡ. ಕನ್ನಡದಲ್ಲೂ ಕೊಡಬಹುದು. ಸರ್ಕಾರಕ್ಕೆ ಲೈಸೆನ್ಸ್ ಕೇಳುವಾಗ ಕಂಪನಿ ಹೇಗೂ ಇದನ್ನೆಲ್ಲ ಬರೆದು ಕೊಟ್ಟಿರುತ್ತದೆ. ಕಂಪನಿಗೂ ಗೊತ್ತು, ಸರ್ಕಾರಕ್ಕೂ ಗೊತ್ತು. ನುಂಗುವವರಿಗೆ ಮಾತ್ರ ಗೊತ್ತಿಲ್ಲ.

ನಮ್ಮ ಅಂಗಡಿಗಳ ರೂಢಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಮೂಡಿಗೆರೆ, ಸಕಲೇಶಪುರದ ಎಸ್ಟೇಟುಗಳ ಲೈನ್ ಮನೆಯಿಂದ ಬರುವವರು ‘ಎರಡು ದಿನದ್ದು ಕೊಡಿ’ ಎನ್ನುತ್ತಾರೆ. ದಿನಗೂಲಿಯ ಕೈಯಲ್ಲಿ ಅಷ್ಟೇ ದುಡ್ಡು. ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕಾಗದದ ಕವರಿಗೆ ಹಾಕಿ, ಮೇಲೆ ಬೆಳಗ್ಗೆ ಒಂದು ರಾತ್ರಿ ಒಂದು ಎಂದು ಗೀಟು ಎಳೆಯುತ್ತೇವೆ. ನಾನೂ ಹಾಗೆ ಎಷ್ಟೋ ಸಾವಿರ ಸಲ ಕತ್ತರಿಸಿದ್ದೇನೆ. ಬ್ಯಾಚ್ ಸಂಖ್ಯೆ ಒಂದು ತುಂಡಿನಲ್ಲಿ, ಕಂಪನಿಯ ಹೆಸರು ಇನ್ನೊಂದರಲ್ಲಿ, ಒಳಗಿನ ಮಡಿಕೆ ಚೀಟಿ ಡಬ್ಬಿಯ ಜೊತೆ ಕಸಕ್ಕೆ. ಕೆಲವು ಚೀಟಿಗಳಲ್ಲಿ ಸಹಘಟಕಗಳ ಪಟ್ಟಿ ಇರುತ್ತದೆ, ಸೂಜಿಮೊನೆಯ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಅದನ್ನು ಓದಬೇಕಾದವರ ಕೈಗೆ ಅದು ತಲುಪಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು, ಕಂಪನಿ ಬದಲಾಗುವುದು. ಸರ್ಕಾರಿ ಆಸ್ಪತ್ರೆಯಲ್ಲಿ ಟೆಂಡರ್ ಬದಲಾದರೆ ಮಾತ್ರೆಯ ಕಂಪನಿ ಬದಲು. ಅಂಗಡಿಯಲ್ಲಿ ಸ್ಟಾಕ್ ಇಲ್ಲದಿದ್ದರೆ ‘ಇದೂ ಅದೇ ಅಮ್ಮ, ಕಂಪನಿ ಬೇರೆ ಅಷ್ಟೆ’. ಔಷಧದ ಮಟ್ಟಿಗೆ ಆ ಮಾತು ಸರಿ. ಜೆನೆರಿಕ್ ಎಂದರೆ ಕಳಪೆ ಎಂಬ ಭಯವನ್ನು ನಾನು ಬಿತ್ತುತ್ತಿಲ್ಲ. ಜನೌಷಧಿಯ ಅಗ್ಗದ ಮಾತ್ರೆಯಿಂದ ಬದುಕಿದವರು ನನ್ನ ಮನೆಯಲ್ಲೇ ಇದ್ದಾರೆ. ದುಬಾರಿ ಬ್ರ್ಯಾಂಡಿನಿಂದ ದುಬಾರಿ ಬ್ರ್ಯಾಂಡಿಗೆ ಹೋದರೂ ಒಳಗಿನ ಹಿಟ್ಟು, ಅಂಟು, ಬಣ್ಣ ಬದಲಾಗುತ್ತದೆ. ಹೆಚ್ಚಿನ ಸಲ ಅದರಿಂದ ಏನೂ ಆಗುವುದಿಲ್ಲ. ಆಗುವುದೇ ಇಲ್ಲ ಎನ್ನಲೂ ಬರುವುದಿಲ್ಲ. 1960ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಹಲವರು ಒಮ್ಮೆಗೇ ತೂರಾಡತೊಡಗಿದರು. ಡೋಸ್ ಬದಲಾಗಿರಲಿಲ್ಲ. ಕ್ಯಾಪ್ಸೂಲಿಗೆ ತುಂಬುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟನ್ನು ತೆಗೆದು ಲ್ಯಾಕ್ಟೋಸ್ ಹಾಕಿದ್ದರು. ಹಳೆಯ ಪುಡಿ ಔಷಧದ ಒಂದು ಪಾಲನ್ನು ರಕ್ತಕ್ಕೆ ಹೋಗದಂತೆ ಹಿಡಿದಿಡುತ್ತಿತ್ತು, ಹೊಸದು ಹಿಡಿದಿಡಲಿಲ್ಲ. ಅದೇ ಡೋಸ್ ವಿಷವಾಯಿತು. ‘ನಿಷ್ಕ್ರಿಯ’ ಎಂದು ಕರೆದ ಮಾತ್ರಕ್ಕೆ ಯಾವುದೂ ಸುಮ್ಮನೆ ಕೂರುವುದಿಲ್ಲ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳದಿದ್ದರೆ ತಪ್ಪಾದೀತು: ಮಾತ್ರೆಯಿಂದ ಹೊಟ್ಟೆ ಕೆಟ್ಟರೆ ಮೊದಲು ಅನುಮಾನಿಸಬೇಕಾದದ್ದು ಔಷಧವನ್ನೇ. ಮೆಟ್‌ಫಾರ್ಮಿನ್ ಶುರುವಿನಲ್ಲಿ ಕಾಲು ಭಾಗದಷ್ಟು ಜನರ ಹೊಟ್ಟೆ ಕೆಡಿಸುತ್ತದೆ. ಕ್ಲಾವುಲನೇಟ್ ಸೇರಿದ ಆ್ಯಂಟಿಬಯಾಟಿಕ್ ಭೇದಿ ತರಿಸುತ್ತದೆ. ನೋವಿನ ಮಾತ್ರೆ ಹೊಟ್ಟೆಯ ಒಳಪೊರೆ ಸುಡುತ್ತದೆ. ಬಿಳಿ ಗ್ಯಾಸ್ಟ್ರಿಕ್ ಸಿರಪ್ಪಿನ ಮೆಗ್ನೀಷಿಯಂ ಸಡಿಲ ಮಾಡುತ್ತದೆ, ಅಲ್ಯುಮಿನಿಯಂ ಕಟ್ಟುತ್ತದೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ನಿಧಾನವಾಗಿ ಔಷಧ ಬಿಡುವ ಕೆಲವು ಮಾತ್ರೆಗಳ ಖಾಲಿ ಕವಚ ಇಡಿಯಾಗಿಯೇ ಹೊರಬರುತ್ತದೆ. ‘ಮಾತ್ರೆ ಕರಗದೆ ಹಾಗೇ ಬಿತ್ತು’ ಎಂದು ಗಾಬರಿಯಾಗಿ ಅಂಗಡಿಗೆ ಬಂದವರನ್ನು ನಾನು ಸಮಾಧಾನ ಮಾಡಿ ಕಳಿಸಿದ್ದೇನೆ, ಒಳಗಿನ ಔಷಧ ಆಗಲೇ ಮೈಗೆ ಸೇರಿರುತ್ತದೆ. ಇವೆಲ್ಲ ಗೊತ್ತಿರುವ ಕಾರಣಗಳು, ವೈದ್ಯರು ಪರಿಹಾರ ಕೊಡಬಲ್ಲರು. ಕಷ್ಟವಾಗುವುದು, ಇವ್ಯಾವುದೂ ಅಲ್ಲದಿದ್ದಾಗ ಮುಂದೆ ಹುಡುಕಲು ದಾರಿಯೇ ಇಲ್ಲದಿರುವುದು. ಆಗ ಉಬ್ಬರಕ್ಕೆ ಒಂದು ಮಾತ್ರೆ, ಭೇದಿಗೆ ಒಂದು, ಸುಸ್ತಿಗೆ ಟಾನಿಕ್. ಆ ಟಾನಿಕ್ಕಿನಲ್ಲಿ ಮತ್ತೆ ಸಾರ್ಬಿಟಾಲ್ ಇರಬಹುದು.

ಹಾಸನದವರಿಗೆ ಇದು ಇನ್ನೊಂದು ಕಾರಣಕ್ಕೆ ಹತ್ತಿರದ ವಿಷಯ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನವೂ ಟಿವಿಯಲ್ಲಿ ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತವರಲ್ಲಿ ನಮ್ಮ ಬೀದಿಯವರೂ ಇದ್ದರು. ಸರ್ಕಾರದ ಸಮಿತಿ ಪರಿಶೀಲಿಸಿ, ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಆದರೆ ಆ ಭಯದಲ್ಲಿ ತಪಾಸಣೆಗೆ ಹೋದವರಲ್ಲಿ ಬಿಪಿ, ಕೊಲೆಸ್ಟರಾಲ್ ಗೊತ್ತಾಗಿ ಜೀವಮಾನದ ಮಾತ್ರೆ ಶುರುಮಾಡಿದವರು ಕಡಿಮೆಯಿಲ್ಲ. ಹೊಟ್ಟೆ ಉಬ್ಬರಿಸಿದಾಗ ಅವರು ಏನು ಮಾಡುತ್ತಾರೆ? ‘ಹೀಟಾಗ್ತಿದೆ’ ಎಂದು ಎರಡು ದಿನ ಬಿಡುತ್ತಾರೆ, ಆಮೇಲೆ ವಾರ ಬಿಡುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೀಗೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಮೂರ್ಛೆರೋಗದ ಮಾತ್ರೆ, ಬಿಪಿ ಮಾತ್ರೆಗಳದೂ ಇದೇ ಕತೆ. ‘ಹೀಟು’ ಎಂಬ ನಮ್ಮ ಮಾತನ್ನು ಡಾಕ್ಟರುಗಳು ನಕ್ಕು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ರೋಗಿ ತನ್ನ ಮೈಯಲ್ಲಿ ಆಗುತ್ತಿರುವುದನ್ನು ತನಗಿರುವ ಮಾತಿನಲ್ಲಿ ಹೇಳುತ್ತಿದ್ದಾನೆ. ‘ಯಾವಾಗಿನಿಂದ? ಯಾವ ಮಾತ್ರೆ ಬದಲಾದ ಮೇಲೆ?’ ಎಂದು ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಗಂಟು ಬಿಚ್ಚುತ್ತದೆ.

ಆ ಪ್ರಶ್ನೆಗೆ ಉತ್ತರ ಕೊಡುವ ಸಿದ್ಧತೆಯನ್ನು ನಾವು ಮನೆಯಲ್ಲಿ ಮಾಡಿಕೊಳ್ಳಬಹುದು. ಈಗ ದೊಡ್ಡಮ್ಮನ ಮನೆಯಲ್ಲಿ ಖಾಲಿ ಸ್ಟ್ರಿಪ್ಪುಗಳನ್ನು ಎಸೆಯುವುದಿಲ್ಲ, ಒಂದು ಡಬ್ಬಿಯಲ್ಲಿ ಬೀಳುತ್ತವೆ. ಹೊಸದು ತಂದ ದಿನ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಮೊಮ್ಮಗ ಕಂಪನಿಯ ಹೆಸರು ಬರೆಯುತ್ತಾನೆ. ಹೊಟ್ಟೆ ಕೆಟ್ಟರೆ ಮಾತ್ರೆ ನುಂಗಿ ಎಷ್ಟು ಗಂಟೆಗೆ ಎಂದು ಪಕ್ಕದಲ್ಲೇ ಗುರುತು. ಸಾರ್ಬಿಟಾಲ್, ಲ್ಯಾಕ್ಟೋಸಿನ ತೊಂದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತದೆ, ಬಿಟ್ಟರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಿರಪ್ ಬರೆದರೆ ‘ಇದರ ಬದಲು ಮಾತ್ರೆ ಇದೆಯಾ ಡಾಕ್ಟ್ರೇ?’ ಎಂದು ಕೇಳುತ್ತಾರೆ. ಎಷ್ಟೋ ಸಲ ಇರುತ್ತದೆ, ಅಗ್ಗವಾಗಿಯೂ ಇರುತ್ತದೆ. ಒಂದು ಕಂಪನಿಯದು ಹಿಡಿಸಿದರೆ ಅದೇ ಬೇಕೆಂದು ಹಳೆಯ ತುಂಡು ತೋರಿಸುತ್ತಾರೆ. ದಿನವೂ ನುಂಗುವ ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಬಿಡುವುದಿಲ್ಲ ಎಂದು ನನ್ನ ಕೈ ಮೇಲೆ ಕೈಯಿಟ್ಟು ಹೇಳಿದ್ದಾರೆ.

ಸಿರಪ್ಪಿನ ವಿಷಯವನ್ನು ನಾವು ಅಲ್ಲಿಗೇ ಬಿಡಲಿಲ್ಲ. ಔಷಧದಿಂದ ಆದ ತೊಂದರೆಯನ್ನು ಯಾರು ಬೇಕಾದರೂ ತಿಳಿಸಬಹುದಾದ ರಾಷ್ಟ್ರೀಯ ವ್ಯವಸ್ಥೆಯೊಂದಿದೆ, ಔಷಧ ಜಾಗೃತಿ ಕಾರ್ಯಕ್ರಮ ಎಂದು. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. 1800-180-3024ಕ್ಕೆ ಕರೆ ಉಚಿತ. ಡಾಕ್ಟರೇ ಬರೆಯಬೇಕೆಂದಿಲ್ಲ, ರೋಗಿಗೆಂದೇ ಕನ್ನಡದಲ್ಲೂ ನಮೂನೆ ಇದೆ. ಮಾತ್ರೆ ಬದಲಾಗಿ ಹೊಟ್ಟೆ ಕೆಟ್ಟ ಒಬ್ಬರ ದೂರು ಒಂದು ಚೀಟಿ; ಒಂದೇ ಬ್ಯಾಚಿನ ಮೇಲೆ ಅಂಥ ಐವತ್ತು ಚೀಟಿ ಸೇರಿದರೆ ಯಾರಾದರೂ ಬಾಟಲಿ ತೆರೆದು ನೋಡಲೇಬೇಕಾಗುತ್ತದೆ. ಜಗಲಿಯಲ್ಲಿ ಕುಳಿತು ನಮೂನೆ ತುಂಬಿಸಿದೆವು. ವಯಸ್ಸು, ತೂಕ, ಯಾವ ಔಷಧ, ಎಂದಿನಿಂದ, ಏನಾಯಿತು. ಬ್ಯಾಚ್ ಸಂಖ್ಯೆಯ ಜಾಗಕ್ಕೆ ಬಂದಾಗ ದೊಡ್ಡಮ್ಮ ಒಳಗಿನಿಂದ ಬಾಟಲಿ ತಂದರು. ಕಾಲು ಭಾಗ ಇನ್ನೂ ಉಳಿದಿತ್ತು. ‘ಚೆಲ್ಲಲೇನೇ?’ ಎಂದರು. ಇರಲಿ, ಕೇಳಿದರೆ ಕೊಡಬೇಕಾಗುತ್ತದೆ ಎಂದೆ. ಕಾಗದ ಸುತ್ತಿ, ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಟ್ಟರು.